ಅಕ್ಷಯ ತದಿಗೆಯ ಮಧ್ಯಾಹ್ನ ರೇಡಿಯೋ ಮೌನವಾದದ್ದೇಕೆ?

ಕೋಡಿಬಾಗದ ಕೇಳುಗ:

2024ರ ಮೇ 9, ಗುರುವಾರ. ಊಟ ಮುಗಿಸಿ ಕಾರವಾರದ ಕೋಡಿಬಾಗದ ನಮ್ಮ ಜಗಲಿಯಲ್ಲಿ ಕುಳಿತು ಶಾರ್ಟ್‌ವೇವ್‌ನ 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹವ್ಯಾಸಿ ರೇಡಿಯೋದವರ ಮಾತು ಕೇಳುತ್ತಿದ್ದೆ. ಬೆಂಗಳೂರಿನ ಒಬ್ಬರು, ಕೇರಳದ ಇಬ್ಬರು. ಎರಡೂವರೆ ದಾಟಿದ ಮೇಲೆ ಮೂವರ ದನಿಯೂ ಒಟ್ಟಿಗೆ ಇಳಿಯತೊಡಗಿತು, ಕೆಲವೇ ನಿಮಿಷಗಳಲ್ಲಿ ಪೂರ್ತಿ ಕಾಣೆಯಾಯಿತು. ನನ್ನನ್ನು ಕಾಡಿದ್ದು ಅದಲ್ಲ. ಕೇಂದ್ರ ಹೋದರೂ ಹಿಂದೆ ಒಂದು ಸುಯ್ಯೆನ್ನುವ ಸದ್ದು ಇದ್ದೇ ಇರುತ್ತದೆ. ಅಂದು ಆ ಸದ್ದೂ ಕುಗ್ಗಿತು. ಆಂಟೆನಾ ತಂತಿ ಕಿತ್ತುಹೋದರೆ ಮಾತ್ರ ಹಾಗಾಗುತ್ತದೆ ಎಂದುಕೊಂಡು ತೆಂಗಿನ ಮರದವರೆಗೆ ಹೋಗಿ ನೋಡಿದೆ. ನಮ್ಮ ಉಪ್ಪುಗಾಳಿಗೆ ತಂತಿಯ ಬೆಸುಗೆ ಎರಡು ವರ್ಷ ಬಾಳುವುದಿಲ್ಲ, ಆದರೆ ಅಂದು ಎಲ್ಲವೂ ಸರಿಯಿತ್ತು.

ಸಂಜೆ ಪೆಟ್ಟಿಗೆಯನ್ನು ರಿಪೇರಿಗೆ ಒಯ್ದೆ. ಒಂದು ಕೆಪಾಸಿಟರ್ ಬದಲಾಯಿಸಿ ಕೊಟ್ಟರು. ಮಾರನೆಯ ದಿನ ಅಕ್ಷಯ ತದಿಗೆ, ಮನೆಯಲ್ಲಿ ನೆಂಟರು. ಹನ್ನೆರಡು ಗಂಟೆ ದಾಟುತ್ತಲೇ ಮತ್ತೆ ಅದೇ ಮೌನ, ನಿನ್ನೆಗಿಂತ ದಟ್ಟ. ಒಂದೂವರೆಯ ಹೊತ್ತಿಗೆ ದನಿಗಳು ಒಂದೊಂದಾಗಿ ಮರಳಿದವು.

ಆಮೇಲೆ ತಿಳಿಯಿತು: 9ರಂದು ಮಧ್ಯಾಹ್ನ 2.43ಕ್ಕೆ ಎಕ್ಸ್ 2.2 ದರ್ಜೆಯ ಸೌರಜ್ವಾಲೆ, 10ರಂದು 12.24ಕ್ಕೆ ಎಕ್ಸ್ 3.9. ಎಕ್ಸ್ ಎಂದರೆ ಜ್ವಾಲೆಗಳಲ್ಲಿ ಎಲ್ಲಕ್ಕಿಂತ ಬಲವಾದ ದರ್ಜೆಯಂತೆ. ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಒಂದೇ ಜ್ವಾಲೆ ಮಧ್ಯಾಹ್ನ ನನ್ನ ರೇಡಿಯೋ ನಿಲ್ಲಿಸಿ ರಾತ್ರಿ ಲಡಾಖಿಗೆ ಬಣ್ಣ ಬಳಿಯಿತೇ? ತಿಳಿದವರು ಬಿಡಿಸಿ ಹೇಳಬೇಕು. ತಿಳಿದ ದಿನದಿಂದ ಈ ಪ್ರಶ್ನೆ ನನಗೆ ನಿದ್ದೆ ಕೊಟ್ಟಿಲ್ಲ.

ಶಿರಸಿಯ ಮಾಸ್ತರ್:

ಮೊದಲು ನಿಮ್ಮ ಕೊನೆಯ ಮಾತನ್ನು ತಿದ್ದುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲೂ ಈ ಗೊಂದಲ ಕಾಣುತ್ತದೆ. ಮಧ್ಯಾಹ್ನದ ಜ್ವಾಲೆಗೂ ರಾತ್ರಿಯ ಕೆಂಪಿಗೂ ನೇರ ಸಂಬಂಧವಿಲ್ಲ. ಜ್ವಾಲೆ ಎಂದರೆ ಬೆಳಕು. ಕ್ಷ-ಕಿರಣವಾದರೂ ಬೆಳಕೇ, ಎಂಟು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಇಲ್ಲಿಗೆ ತಲುಪುತ್ತದೆ. ಹಾನ್ಲೆಯ ಕೆಂಪಿಗೆ ಕಾರಣವಾದದ್ದು ಸೂರ್ಯ ಕಿತ್ತೆಸೆದ ಪ್ಲಾಸ್ಮಾ ಮೋಡಗಳು. ಅವು ನಡೆದು ಬರುವ ಪ್ರಯಾಣಿಕರ ಹಾಗೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಮೇ 10ರ ರಾತ್ರಿ ಹತ್ತೂವರೆಯ ಸುಮಾರಿಗೆ ಭೂಮಿಗೆ ಬಡಿದ ಮೋಡಗಳು 8 ಮತ್ತು 9ರಂದೇ ಸೂರ್ಯನಿಂದ ಹೊರಟಿದ್ದವು. ಹತ್ತು ಗಂಟೆಯಲ್ಲಿ ಇಲ್ಲಿಗೆ ಮುಟ್ಟುವಷ್ಟು ವೇಗ ನಿಮ್ಮ ಮಧ್ಯಾಹ್ನದ ಮೋಡಕ್ಕೆ ಇರಲಿಲ್ಲ. ಎರಡಕ್ಕೂ ತವರು ಒಂದೇ, 3664 ಎಂಬ ಸಂಖ್ಯೆಯ ಸೂರ್ಯಕಲೆಗಳ ಗುಂಪು. ಅಷ್ಟೇ ನಂಟು.

ಈಗ ಮೌನದ ವಿಷಯ. ಭೂಮಿಯಿಂದ ಸುಮಾರು 60 ಕಿಲೋಮೀಟರ್ ಮೇಲಕ್ಕೆ ಹೋದರೆ ಅಯಾನುಗೋಳ ಶುರುವಾಗುತ್ತದೆ. ಸೂರ್ಯನ ಕಿರಣಗಳು ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡಿಯಾಗಿ ಬಿಟ್ಟಿರುವ ಪ್ರದೇಶ ಅದು. 60ರಿಂದ 90 ಕಿಲೋಮೀಟರ್ ಡಿ ಪದರ, ಅದರ ಮೇಲೆ ಇ, 150ರಿಂದ ಆಚೆಗೆ ಎಫ್. ನೀವು ಕೇಳುವ ಶಾರ್ಟ್‌ವೇವ್ ಎಫ್ ಪದರದಲ್ಲಿ ಬಾಗಿ ಕೆಳಗಿಳಿದು ಬರುತ್ತದೆ. ಹೋಗುವಾಗಲೂ ಬರುವಾಗಲೂ ಡಿ ಪದರವನ್ನು ದಾಟಲೇಬೇಕು. ತೊಂದರೆ ಕೊಡುವುದು ಈ ಸುಂಕದ ಕಟ್ಟೆ.

ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಜೋಕಾಲಿ ನೋಡಿದ್ದೀರಲ್ಲ? ಬಯಲಲ್ಲಿ ಕಟ್ಟಿದ ಜೋಕಾಲಿಯನ್ನು ತಳ್ಳಿದರೆ ಅದು ತೂಗಿ ಅದೇ ಬಲದಿಂದ ಹಿಂದಿರುಗುತ್ತದೆ. ಅದನ್ನೇ ತೇರಿನ ಬೀದಿಯ ಜನಜಂಗುಳಿಯ ನಡುವೆ ಕಟ್ಟಿದರೆ ಅರ್ಧ ತೂಗುವಷ್ಟರಲ್ಲಿ ಯಾರಿಗೋ ಬಡಿದು ನಿಲ್ಲುತ್ತದೆ, ತಳ್ಳಿದ ಬಲವೆಲ್ಲ ವ್ಯರ್ಥ. ರೇಡಿಯೋ ಅಲೆ ಎಲೆಕ್ಟ್ರಾನನ್ನು ತೂಗುತ್ತದೆ. ಎಫ್ ಪದರದಲ್ಲಿ ಗಾಳಿ ತೀರ ವಿರಳ, ಎಲೆಕ್ಟ್ರಾನ್ ತೂಗಿ ತಾನು ಪಡೆದ ಶಕ್ತಿಯನ್ನು ಅಲೆಗೇ ಮರಳಿಸುತ್ತದೆ. ಡಿ ಪದರದಲ್ಲಿ ಗಾಳಿ ದಟ್ಟ, ಎಲೆಕ್ಟ್ರಾನ್ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ, ಅಲೆಯ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಹೆಚ್ಚು ಎಲೆಕ್ಟ್ರಾನ್ ಎಂದರೆ ಹೆಚ್ಚು ನಷ್ಟ.

ಮಾಮೂಲಿ ದಿನಗಳಲ್ಲಿ ಈ ಪದರ ತೆಳು, ರಾತ್ರಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಹಗಲು ಮಧ್ಯಮ ತರಂಗದಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ನೆಲದ ಮೇಲೆ ಹರಿದು ಶಿರಸಿಗೆ ಬರುತ್ತದೆ, ಕತ್ತಲಾದ ಮೇಲೆ ಅದೇ ಪಟ್ಟಿಯಲ್ಲಿ ಎಲ್ಲೆಲ್ಲಿಯ ಭಾಷೆಗಳೋ ನುಗ್ಗುತ್ತವೆ. ಡಿ ಪದರ ಕರಗಿದ್ದಕ್ಕೆ ಅದೇ ಸಾಕ್ಷಿ. ಇಲ್ಲಿ ಓದುತ್ತಿರುವ ಹಿರಿಯರೆಲ್ಲ ಇದನ್ನು ಕಿವಿಯಾರೆ ಬಲ್ಲರು.

ಜ್ವಾಲೆ ಎದ್ದಾಗ 0.1ರಿಂದ 0.8 ನ್ಯಾನೋಮೀಟರ್ ಅಲೆಯುದ್ದದ ಕ್ಷ-ಕಿರಣ ಸುರಿಯುತ್ತದೆ. ಎಲೆಕ್ಟ್ರಾನ್ ಕೀಳುವ ಉಳಿದ ಕಿರಣಗಳು ಬಹುಮಟ್ಟಿಗೆ ಮೇಲೆಯೇ ನಿಂತರೆ ಇವು ಡಿ ಪದರದ ತಳದವರೆಗೂ ಇಳಿಯುತ್ತವೆ. ಎಕ್ಸ್ 3.9 ಎಂದರೆ ಪ್ರತಿ ಚದರ ಮೀಟರಿಗೆ 0.00039 ವ್ಯಾಟ್. ಇಡೀ ಬಿಸಿಲು ಭೂಮಿಯ ಹೊರಗೆ ಚದರ ಮೀಟರಿಗೆ 1361 ವ್ಯಾಟ್. ನಿಮ್ಮ ಅಂಗಳದ ಬಿಸಿಲಿನಲ್ಲಿ ಅಂದು ಕೂದಲೆಳೆಯ ವ್ಯತ್ಯಾಸವೂ ಕಂಡಿರಲಾರದು. ಆದರೂ ಆ ಅತ್ಯಲ್ಪ ಕಿರಣಕ್ಕೆ ಅರ್ಧ ಭೂಮಿಯ ಶಾರ್ಟ್‌ವೇವ್ ಮುಚ್ಚುವ ಶಕ್ತಿಯಿತ್ತು. ಪಾಠ ಮಾಡಿದ ಮೂವತ್ತು ವರ್ಷಗಳಲ್ಲಿ ನನಗೆ ಇದಕ್ಕಿಂತ ಬೆರಗು ಹುಟ್ಟಿಸಿದ ಲೆಕ್ಕ ಬೇರೆ ಸಿಕ್ಕಿಲ್ಲ.

ಸುಯ್ಯೆನ್ನುವ ಸದ್ದು ಕುಗ್ಗಿದ್ದನ್ನು ಗಮನಿಸಿದಿರಲ್ಲ, ಅದಕ್ಕೆ ಶಹಬ್ಬಾಸ್. ಆ ಸದ್ದಿನ ಬಹುಪಾಲು ದೂರದೂರದ ಮಿಂಚುಗಳದ್ದು. ಅದೂ ಅಯಾನುಗೋಳದ ದಾರಿಯಲ್ಲೇ ಬರುವುದರಿಂದ ಅದೂ ಹೀರಿಹೋಯಿತು. ಸೆಟ್ ಕೆಟ್ಟಿರಲಿಲ್ಲ. ಕೆಪಾಸಿಟರ್ ಹಾಕಿದವರದೂ ತಪ್ಪಿಲ್ಲ.

ಹೊನ್ನಾವರದ ನಾವಿಕ:

ಮಾಸ್ತರರ ಮಾತಿಗೆ ಹಡಗಿನಿಂದ ಒಂದು ಸೇರಿಸುತ್ತೇನೆ. ನಾವು ಕಲಿತ ಮೊದಲ ಪಾಠ: ಬ್ಯಾಂಡ್, ಅಂದರೆ ಕೇಳುತ್ತಿರುವ ಆವರ್ತನದ ಪಟ್ಟಿ, ಹಗಲಲ್ಲಿ ಹಠಾತ್ತಾಗಿ ಸತ್ತರೆ ಕೆಳಗಿನ ಆವರ್ತನಕ್ಕೆ ಇಳಿಯಬೇಡ, ಮೇಲಕ್ಕೆ ಏರು. ಹೊಸಬರು ತದ್ವಿರುದ್ಧ ಮಾಡುತ್ತಾರೆ. ಡಿ ಪದರದ ಹೀರಿಕೆ ಹೆಚ್ಚುಕಡಿಮೆ ಆವರ್ತನದ ವರ್ಗಕ್ಕೆ ವಿಲೋಮವಾಗಿರುತ್ತದೆ. 7ರ ಬದಲು 21 ಮೆಗಾಹರ್ಟ್ಸ್ ಹಿಡಿದರೆ ನಷ್ಟ ಒಂಬತ್ತನೇ ಒಂದು ಪಾಲು. ಜ್ವಾಲೆ ಇಳಿಯುವಾಗಲೂ ಮೊದಲು ಜೀವ ಬರುವುದು ಮೇಲಿನ ಬ್ಯಾಂಡ್‌ಗಳಿಗೆ, 4 ಮತ್ತು 6 ಮೆಗಾಹರ್ಟ್ಸ್ ಎಲ್ಲಕ್ಕಿಂತ ಕೊನೆಗೆ.

ಇದು ಹವ್ಯಾಸದ ಮಾತು ಮಾತ್ರವಲ್ಲ. 2017ರ ಸೆಪ್ಟೆಂಬರ್ 6ರಂದು ಎಕ್ಸ್ 9.3 ಜ್ವಾಲೆ ಎದ್ದಾಗ ಕೆರಿಬಿಯನ್ ದ್ವೀಪಗಳ ಮೇಲೆ ಇರ್ಮಾ ಚಂಡಮಾರುತ ಹಾಯುತ್ತಿತ್ತು. ಟವರ್‌ಗಳು ಉರುಳಿ ಜನ ಶಾರ್ಟ್‌ವೇವ್ ನಂಬಿಕೊಂಡಿದ್ದ ಹೊತ್ತಿನಲ್ಲೇ ಶಾರ್ಟ್‌ವೇವ್ ನಿಂತಿತು. ನಮ್ಮ ಕರಾವಳಿಯೂ ಫಿಯಾನ್, ಕ್ಯಾರ್, ತೌಕ್ತೆ ಕಂಡಿದೆ. ಎರಡು ಆಪತ್ತು ಒಟ್ಟಿಗೆ ಬರಬಾರದೆಂಬ ನಿಯಮವೇನೂ ಇಲ್ಲ.

ಯಲ್ಲಾಪುರದ ತೋಟಿಗ:

ಅಕ್ಷಯ ತದಿಗೆಯ ದಿನ ನಮ್ಮ ಕುಟುಂಬದ ಗುಂಪಿಗೆ ಒಂದು ಸಂದೇಶ ಬಂದಿತ್ತು: ಸೌರ ಬಿರುಗಾಳಿ ಬರುತ್ತಿದೆ, ಮೊಬೈಲ್ ಆಫ್ ಮಾಡಿ, ಇನ್ವರ್ಟರ್ ಕಳಚಿಡಿ, ಕೈಗಾದ ವಿದ್ಯುತ್ ತಂತಿ ಸುಟ್ಟುಹೋಗುತ್ತದೆ ಎಂದು. ಅಮ್ಮ ಹೆದರಿ ಫ್ರಿಜ್ ಕೂಡ ನಿಲ್ಲಿಸಿದ್ದರು. ಇದರಲ್ಲಿ ಎಷ್ಟು ನಿಜ?

ಶಿರಸಿಯ ಮಾಸ್ತರ್:

ಮೊಬೈಲಿಗೂ ಡಿ ಪದರಕ್ಕೂ ಸಂಬಂಧವಿಲ್ಲ. ಟವರಿನಿಂದ ನಿಮ್ಮ ಕೈಗೆ ಬರುವ ಅಲೆ ಆಕಾಶಕ್ಕೆ ಹೋಗಿ ಬರುವುದಿಲ್ಲ. ವಿದ್ಯುತ್ ಜಾಲಕ್ಕೆ ತೊಂದರೆ ಕೊಡುವುದು ಜ್ವಾಲೆಯ ಬೆಳಕಲ್ಲ, ಪ್ಲಾಸ್ಮಾ ಮೋಡ ಎಬ್ಬಿಸುವ ಕಾಂತೀಯ ಬಿರುಗಾಳಿ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ ಕತ್ತಲಾದದ್ದು ಹಾಗೆ. ಧ್ರುವಗಳಿಗೆ ಹತ್ತಿರವಿರುವ ನಾಡುಗಳಿಗೆ ಆ ಭಯ ಹೆಚ್ಚು, ಕಾಂತೀಯ ಸಮಭಾಜಕಕ್ಕೆ, ಅಂದರೆ ಕಾಂತಸೂಜಿ ಮೇಲೆ-ಕೆಳಗೆ ವಾಲದೆ ಮಟ್ಟವಾಗಿ ನಿಲ್ಲುವ ಗೆರೆಗೆ, ಹತ್ತಿರವಿರುವ ನಮಗೆ ಬಹಳ ಕಡಿಮೆ. ಅಮ್ಮನವರಿಗೆ ಫ್ರಿಜ್ ಹಚ್ಚಿಕೊಳ್ಳಲು ಹೇಳಿ.

ಕೋಡಿಬಾಗದ ಕೇಳುಗ:

ಮಾಸ್ತರರೇ, ನಮಸ್ಕಾರ. ಇಷ್ಟು ವರ್ಷ ಕೇಳಿದರೂ ಆ ಸದ್ದು ಮಿಂಚಿನದೆಂದು ಗೊತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿದೆ. 2024ರ ಅಕ್ಟೋಬರ್ 3ರಂದು ಸಂಜೆ 5.48ಕ್ಕೆ ಎಕ್ಸ್ 9.0 ಜ್ವಾಲೆ ಆಯಿತು, ತದಿಗೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಈ ಬಾರಿ ಕೇರಳದ ದನಿಗಳು ಕ್ಷೀಣಿಸಿದವು, ಆದರೆ ಸಾಯಲಿಲ್ಲ. ಪಶ್ಚಿಮದ ದೂರದ ಕೇಂದ್ರಗಳು ಮಾತ್ರ ಪೂರ್ತಿ ಮುಳುಗಿದವು. ದೊಡ್ಡ ಜ್ವಾಲೆಗೆ ಸಣ್ಣ ಪೆಟ್ಟು ಏಕೆ?

ಶಿರಸಿಯ ಮಾಸ್ತರ್:

ಸೂರ್ಯ ಎಲ್ಲಿದ್ದ ನೋಡಿ. ಅಕ್ಟೋಬರಿನ ಆ ಸಂಜೆ ಕಾರವಾರದಲ್ಲಿ ಸೂರ್ಯ ಮುಳುಗಲು ಅರ್ಧ ಗಂಟೆ ಬಾಕಿ. ಕಿರಣ ಓರೆಯಾಗಿ, ಗಾಳಿಯ ಉದ್ದನೆಯ ಹಾದಿ ಸವೆಸಿ ಬರುತ್ತಿತ್ತು. ಆಫ್ರಿಕಾದ ಪಶ್ಚಿಮಕ್ಕೆ ಅದೇ ಹೊತ್ತು ನಡುಹಗಲು. ಆ ಕಡೆಯಿಂದ ಬರುವ ಅಲೆಗಳು ಅಲ್ಲೇ ಸತ್ತವು.

ಇನ್ನು ತದಿಗೆಯ ದಿನ. ಕಾರವಾರದಲ್ಲಿ ನೆತ್ತಿಯ ಸೂರ್ಯನಿಂದ ನೆರಳೇ ಬೀಳದ ದಿನ ಏಪ್ರಿಲ್ ಕೊನೆಯಲ್ಲಿ ಬರುತ್ತದೆ. ಮೇ 10ಕ್ಕೆ ಅದು ಕಳೆದು ಸುಮಾರು ಹತ್ತು ದಿನವಷ್ಟೇ. ಭಾರತೀಯ ಕಾಲಮಾನ ನಮ್ಮ ನಿಜವಾದ ಸೂರ್ಯನಿಗಿಂತ ಅರ್ಧ ಗಂಟೆ ಮುಂದಿರುವುದರಿಂದ ನಿಮ್ಮ ಊರಿನ ನಡುಹಗಲು ಅಂದು ಹನ್ನೆರಡೂವರೆಗೆ. ಜ್ವಾಲೆಯ ಶಿಖರ 12.24ಕ್ಕೆ. ಅಂದರೆ ಇಡೀ ಭೂಮಿಯಲ್ಲಿ ಆ ಜ್ವಾಲೆಯ ಪೂರ್ತಿ ಪೆಟ್ಟು ಬಿದ್ದ ಜಾಗ ಹೆಚ್ಚುಕಡಿಮೆ ನಮ್ಮ ಪಶ್ಚಿಮ ಕರಾವಳಿಯೇ. ಅದನ್ನು ನೀವು ಜಗಲಿಯಲ್ಲಿ ಕುಳಿತು ಕೇಳಿದಿರಿ. ದಯವಿಟ್ಟು ಬರೆದಿಡಿ, ಸಮಯದ ಸಮೇತ.

ಕುಮಟಾದ ವಿದ್ಯಾರ್ಥಿನಿ:

ನಾನು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿದ್ದೇನೆ. ಕೇಳುವುದಷ್ಟೇ ಅಲ್ಲ, ಇದನ್ನು ಗೆರೆಯಾಗಿ ಎಳೆಯಲೂ ಸಾಧ್ಯ. ತಮಿಳುನಾಡಿನ ವಿಜಯನಾರಾಯಣದಲ್ಲಿ ನೌಕಾಪಡೆಯ ಕಟ್ಟಬೊಮ್ಮನ್ ಪ್ರಸಾರ ಕೇಂದ್ರವಿದೆ, ನೀರಿನಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು. ಅದು 18.2 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಇಷ್ಟು ಕೆಳಗಿನ ಆವರ್ತನದ ಅಲೆ ಡಿ ಪದರವನ್ನು ದಾಟುವುದೇ ಇಲ್ಲ. ನೆಲಕ್ಕೂ ಆ ಪದರದ ತಳಕ್ಕೂ ನಡುವೆ, ಕಾಲುವೆಯಲ್ಲಿ ನೀರು ಹರಿಯುವ ಹಾಗೆ ಹರಿದು ಸುಮಾರು 750 ಕಿಲೋಮೀಟರ್ ದೂರದ ಕುಮಟಾಕ್ಕೆ ಬರುತ್ತದೆ. ಜ್ವಾಲೆ ಎದ್ದಾಗ ಕಾಲುವೆಯ ಮಾಡು ಹಲವು ಕಿಲೋಮೀಟರ್ ಕೆಳಗಿಳಿಯುತ್ತದೆ. ಶಾರ್ಟ್‌ವೇವ್ ಸಾಯುವ ಹೊತ್ತಿಗೆ ಈ ಅಲೆ ಹೆಚ್ಚಿನ ಬಾರಿ ಬಲಗೊಳ್ಳುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಗೆರೆ ಸರ್ರನೆ ಏರಿ, ಇಳಿಜಾರಿನ ಹಾಗೆ ನಿಧಾನಕ್ಕೆ ಇಳಿಯುತ್ತದೆ.

ಬೇಕಾಗುವುದು ಒಂದು ಮರದ ಚೌಕಟ್ಟು, ಅದಕ್ಕೆ ಸುತ್ತಿದ ಎನಾಮಲ್ ತಾಮ್ರದ ತಂತಿ, ಒಂದು ಸಣ್ಣ ಆಂಪ್ಲಿಫೈಯರ್ ಮತ್ತು ಕಂಪ್ಯೂಟರಿನ ಸೌಂಡ್ ಕಾರ್ಡ್. ಸೆಕೆಂಡಿಗೆ 48 ಸಾವಿರ ಮಾದರಿ ತೆಗೆಯುವ ಸಾಮಾನ್ಯ ಕಾರ್ಡ್ 24 ಕಿಲೋಹರ್ಟ್ಸ್‌ವರೆಗೆ ಕೇಳಬಲ್ಲದು. ನಾನು ಕಟ್ಟಿದ ಚೌಕಟ್ಟು ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಗುಡುಗಿನಿಂದ ಬರೀ ಗೀಚಿದ ಗೆರೆ ತೋರಿಸುತ್ತಿತ್ತು. ಜೂನ್ ಮಳೆ ಹಿಡಿದ ಮೇಲೆ ಗುಡುಗು ಕಡಿಮೆಯಾಗಿ ಗೆರೆ ಶುಭ್ರವಾಗಿದೆ. ಆದರೆ ನೆರೆಮನೆಯ ಇನ್ವರ್ಟರ್ ದೊಡ್ಡ ಕಾಟ. ಸದ್ದು ಕಡಿಮೆ ಇರುವ ಜಾಗ ಯಾರಾದರೂ ತೋರಿಸುವಿರಾ?

ಶಿರಸಿಯ ಮಾಸ್ತರ್:

ತಂಗೀ, ಈ ಕೆಲಸವನ್ನು ಸಣ್ಣದೆಂದು ಎಣಿಸಬೇಡ. 2003ರ ನವೆಂಬರ್ 4ರಂದು ಎದ್ದ ಜ್ವಾಲೆ ಎಷ್ಟು ದೊಡ್ಡದಿತ್ತೆಂದರೆ ಉಪಗ್ರಹದ ಕ್ಷ-ಕಿರಣ ಮಾಪಕ ತುಂಬಿ ಅಲ್ಲಿಗೇ ನಿಂತುಬಿಟ್ಟಿತು. ಎಕ್ಸ್ 28 ಎಂದು ಅಂದಾಜಿಸಿ ಬರೆದರು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಪೆಸಿಫಿಕ್ ಸಾಗರ ದಾಟಿ ಬರುತ್ತಿದ್ದ ಇಂಥದೇ ಕೆಳ ಆವರ್ತನದ ಅಲೆಗಳಲ್ಲಿ ಆದ ಏರುಪೇರಿನಿಂದ ಲೆಕ್ಕ ಹಾಕಿ ಅದು ಎಕ್ಸ್ 45ರಷ್ಟು ಎಂದರು. ಉಪಗ್ರಹದ ಕಣ್ಣು ಕತ್ತಲಿಟ್ಟಾಗ ಅಳತೆ ಕೊಟ್ಟದ್ದು ನಮ್ಮ ತಲೆಯ ಮೇಲಿನ ಈ ಗಾಳಿಯೇ.

ಈಗ ಸೂರ್ಯನನ್ನು ನೋಡುವ ನಮ್ಮದೇ ನೌಕೆ ಆದಿತ್ಯ ಎಲ್-1 ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಅದರ ಸೋಲೆಕ್ಸ್ ಉಪಕರಣ ಜ್ವಾಲೆಯ ಮೃದು ಕ್ಷ-ಕಿರಣವನ್ನೇ ಅಳೆಯುತ್ತದೆ, ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಅದರ ದತ್ತಾಂಶದ ಪಕ್ಕ ನಿನ್ನ ಕುಮಟಾದ ಗೆರೆಯನ್ನು ಇಟ್ಟು ನೋಡು. ಕಾರಣ ಅಲ್ಲಿ, ಪರಿಣಾಮ ಇಲ್ಲಿ.

ಬೈತಖೋಲದ ಬೋಟಿನವ:

ಇಷ್ಟೂ ಓದಿದೆ. ನಮ್ಮ ಮನೆಯದು ಪರ್ಸೀನ್ ಬೋಟು, ಸುತ್ತುಬಲೆ ಬೀಸಿ ಮೀನು ಹಿಡಿಯುವಂಥದ್ದು. ನಮಗೆ ಶಾರ್ಟ್‌ವೇವ್ ಇಲ್ಲ, ಹತ್ತಿರದವರೊಡನೆ ಮಾತಾಡುವ ವಿ.ಎಚ್.ಎಫ್. ರೇಡಿಯೋ ಮತ್ತು ಜಿ.ಪಿ.ಎಸ್. ಮಾತ್ರ. ಮಾರ್ಚ್ ತಿಂಗಳು, ಸುಗ್ಗಿಯ ದಿನಗಳು. ರಾತ್ರಿ ಒಂಬತ್ತರ ಹೊತ್ತಿಗೆ ಬಂದರಿಗೆ ಮರಳುತ್ತಿದ್ದೆವು. ದಾರಿ ತೋರಿಸುವ ಪ್ಲಾಟರ್ ಪರದೆಯಲ್ಲಿ ನಮ್ಮ ಬೋಟು ಅತ್ತಿತ್ತ ಹಾರತೊಡಗಿತು. ಹನ್ನೊಂದು ಉಪಗ್ರಹ ತೋರಿಸುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಬೋಟು ನಡೆಸುವ ತಾಂಡೇಲರು ಪರದೆ ಬಿಟ್ಟು ದೇವಗಡದ ದೀಪಸ್ತಂಭ ನೋಡಿಕೊಂಡು ತಂದರು. ಇದೂ ಜ್ವಾಲೆಯೇ? ವಿ.ಎಚ್.ಎಫ್. ಕೈಕೊಟ್ಟರೆ ನಾವು ಏನು ಮಾಡಬೇಕು?

ಶಿರಸಿಯ ಮಾಸ್ತರ್:

ಅಣ್ಣ, ನಿಮ್ಮ ಪ್ರಶ್ನೆಯೇ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ. ವಿ.ಎಚ್.ಎಫ್. 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಕಣ್ಣಳತೆಯ ದೂರಕ್ಕೆ ನೇರ ಹೋಗುವ ಅಲೆ. ಡಿ ಪದರ ಅದನ್ನು ಮುಟ್ಟುವುದಿಲ್ಲ. ಜ್ವಾಲೆ ಎದ್ದರೂ ಅದನ್ನು ನಂಬಬಹುದು.

ಜಿ.ಪಿ.ಎಸ್. ಬೇರೆ ಕಥೆ. ನಿಮಗೆ ಆದದ್ದು ರಾತ್ರಿ ಒಂಬತ್ತಕ್ಕೆ, ಸೂರ್ಯನೇ ಇಲ್ಲದ ಹೊತ್ತು. ಆದ್ದರಿಂದ ಅದು ಜ್ವಾಲೆಯ ನೇರ ಕೆಲಸವಲ್ಲ. ಕಾಂತೀಯ ಸಮಭಾಜಕ ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿನ ಹತ್ತಿರ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ ಅಲ್ಲಿಂದ ಹಾರಿದ್ದು ಇದೇ ಕಾರಣಕ್ಕೆ. ಆ ಗೆರೆಯ ಆಸುಪಾಸಿನಲ್ಲಿ ಸಂಜೆಯಾಗುತ್ತಲೇ ಎಫ್ ಪದರದ ಕೆಳಭಾಗ ಬೇಗ ಸವೆಯುತ್ತದೆ, ಮೇಲ್ಭಾಗ ದಟ್ಟವಾಗಿಯೇ ಉಳಿಯುತ್ತದೆ. ಮೇಲೆ ಭಾರ, ಕೆಳಗೆ ಹಗುರ, ನಿಲ್ಲುವುದು ಹೇಗೆ? ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ದಪ್ಪಗಾದಾಗ ತಳದಿಂದ ಗುಳ್ಳೆ ಏರುವುದನ್ನು ನೋಡಿದ್ದೀರಿ. ಹಾಗೆಯೇ ವಿರಳ ಪ್ಲಾಸ್ಮಾದ ಗುಳ್ಳೆಗಳು ನೂರಾರು ಕಿಲೋಮೀಟರ್ ಎತ್ತರಕ್ಕೆ ಏರುತ್ತವೆ. ಉಪಗ್ರಹದ ಸಂಕೇತ ಅವುಗಳನ್ನು ಹಾಯ್ದು ಬರುವಾಗ ನಕ್ಷತ್ರ ಮಿನುಗಿದಂತೆ ಮಿನುಗುತ್ತದೆ, ರಿಸೀವರ್ ಅದರ ಹಿಡಿತ ತಪ್ಪಿಸಿಕೊಳ್ಳುತ್ತದೆ. ರಾತ್ರಿ ಎಂಟರಿಂದ ಮಧ್ಯರಾತ್ರಿಯವರೆಗೆ ಇದು ಜೋರು. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಇದರ ಹಂಗಾಮು. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ತಿಂಗಳು, ನಿಮ್ಮ ಗಂಟೆ ಎರಡೂ ಇದಕ್ಕೇ ಹೊಂದುತ್ತವೆ.

ಜ್ವಾಲೆಯ ಸಂಗಡ ಎದ್ದ ರೇಡಿಯೋ ಗದ್ದಲ ಹಗಲಲ್ಲೇ ಜಿ.ಪಿ.ಎಸ್. ಕೆಡಿಸಿದ ಉದಾಹರಣೆ ಇದೆ, 2006ರ ಡಿಸೆಂಬರ್ 6ರದು. ಅದು ತೀರ ಅಪರೂಪ. ಸಂಜೆಯ ಗುಳ್ಳೆ ನಮ್ಮ ಕಡಲಿನಲ್ಲಿ ಪ್ರತಿ ಹಂಗಾಮಿನ ಸಂಗತಿ. ಹೆದರಿಸುವ ಸಂದೇಶಗಳೆಲ್ಲ ಜ್ವಾಲೆಯ ಬಗ್ಗೆ ಬರುತ್ತವೆ, ಮೀನುಗಾರರ ದಾರಿಗೆ ನಿಜವಾಗಿ ಅಡ್ಡ ಬರುವ ಗುಳ್ಳೆಯ ಬಗ್ಗೆ ಯಾರೂ ಒಂದು ಸಾಲು ಬರೆಯುವುದಿಲ್ಲ. ಇದು ನನಗೆ ಬಹಳ ನೋವಿನ ವಿಷಯ. ಹೊಸ ಸೆಟ್ ಕೊಳ್ಳುವಾಗ ಎರಡು ಆವರ್ತನ ಹಿಡಿಯುವ, ಹಲವು ದೇಶಗಳ ಉಪಗ್ರಹ ಬಳಸುವ ರಿಸೀವರ್ ಕೇಳಿ. ಅಯಾನುಗೋಳದಿಂದ ಆಗುವ ವಿಳಂಬ ಎರಡು ಆವರ್ತನಗಳಿಗೆ ಬೇರೆ ಬೇರೆಯಾದ್ದರಿಂದ ಅದನ್ನು ಲೆಕ್ಕ ಹಾಕಿ ಕಳೆಯಬಹುದು. ಜಿ.ಪಿ.ಎಸ್. ಹಾಗೆಯೇ ದಾರಿ ತೋರುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ ಮೊದಲಿನಿಂದಲೂ 1176.45 ಮತ್ತು 2492.028 ಮೆಗಾಹರ್ಟ್ಸ್ ಎಂಬ ಎರಡನ್ನು ಇಟ್ಟುಕೊಂಡಿದೆ. ಮಿನುಗು ಪೂರ್ತಿ ಹೋಗುವುದಿಲ್ಲ, ಆದರೆ ಉಪಗ್ರಹ ಹೆಚ್ಚಿದ್ದಷ್ಟು ಆಸರೆ ಹೆಚ್ಚು. ಮತ್ತು ನಿಮ್ಮ ತಾಂಡೇಲರು ಮಾಡಿದ್ದೇ ಸರಿ.

ಅಂಕೋಲೆಯ ಅಕ್ಕೋರು:

1980ರ ಫೆಬ್ರುವರಿ 16ರಂದು ನಾನು ಹೈಸ್ಕೂಲಿನಲ್ಲಿದ್ದೆ. ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಅಂಕೋಲೆಯ ಕರಾವಳಿಯಿಂದಲೇ ಭಾರತಕ್ಕೆ ಕಾಲಿಟ್ಟದ್ದು. ಮಧ್ಯಾಹ್ನ ಮೂರೂವರೆ ದಾಟಿತ್ತು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಕತ್ತಲು. ಕಾಗೆಗಳು ಮರ ಸೇರಿದವು, ಅಜ್ಜಿ ನಮ್ಮನ್ನು ಹೊರಗೆ ಬಿಡಲಿಲ್ಲ. ಒಳಗೆ ಅಣ್ಣ ರೇಡಿಯೋ ತಿರುಗಿಸುತ್ತ ಕುಳಿತಿದ್ದ. ರಾತ್ರಿ ಮಾತ್ರ ಸಿಗುವ ಯಾವುದೋ ದೂರದ ಕೇಂದ್ರ ಆ ಕತ್ತಲಲ್ಲಿ ತೆಳ್ಳಗೆ ಕೇಳಿಸಿತು ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಮನೆಯಲ್ಲಿ ಯಾರೂ ನಂಬಲಿಲ್ಲ, ನಾನೂ ನಂಬಿರಲಿಲ್ಲ. ಮಾಸ್ತರರೇ, ನೀವು ಧಾರವಾಡ ಕೇಂದ್ರದ ಮಾತು ಬರೆದದ್ದನ್ನು ಓದಿದ ಮೇಲೆ ಕೇಳಬೇಕೆನಿಸಿತು.

ಶಿರಸಿಯ ಮಾಸ್ತರ್:

ಅಕ್ಕೋರೇ, ನಿಮ್ಮ ಅಣ್ಣ ಹೇಳಿದ್ದು ಆಗುವಂಥದ್ದೇ. ಡಿ ಪದರದ ಎಲೆಕ್ಟ್ರಾನ್‌ಗಳ ಆಯುಷ್ಯ ಬಹಳ ಕಡಿಮೆ. ಸೂರ್ಯನ ಕಿರಣ ನಿಂತರೆ ಕೆಲವೇ ನಿಮಿಷಗಳಲ್ಲಿ ಅವು ಅಯಾನುಗಳೊಡನೆ ಮತ್ತೆ ಕೂಡಿಬಿಡುತ್ತವೆ. ಗ್ರಹಣದಲ್ಲಿ ಚಂದ್ರ ಕಿರಣವನ್ನು ತಡೆದ, ಪದರ ಕರಗಿತು, ದೂರದ ಕೇಂದ್ರಕ್ಕೆ ಬಾಗಿಲು ತೆರೆಯಿತು. ಜ್ವಾಲೆಯಲ್ಲಿ ಇದರ ತಿರುಗುಮುರುಗು. ಜ್ವಾಲೆ ಇಳಿದ ಮೇಲೆ ಕೋಡಿಬಾಗದವರ ದನಿಗಳು ಗಂಟೆಯೊಳಗೆ ಮರಳಿದ್ದಕ್ಕೂ ಈ ಅಲ್ಪಾಯುಷ್ಯವೇ ಕಾರಣ.

ನಂಬದವರ ಮಾತು ಬಂತು, ಆದ್ದರಿಂದ ಇನ್ನೊಂದು ಹೇಳುತ್ತೇನೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ಕ್ಯಾರಿಂಗ್ಟನ್ ಎಂಬ ಖಗೋಳ ವೀಕ್ಷಕ ಸೂರ್ಯಬಿಂಬದ ಮೇಲೆ ಬಿಳಿಯ ಹೊಳಪು ಕಂಡ. ಅದೇ ಗಳಿಗೆಯಲ್ಲಿ ಕ್ಯೂ ವೀಕ್ಷಣಾಲಯದ ಕಾಂತಸೂಚಿಯ ದಾಖಲೆಯಲ್ಲಿ ಒಂದು ಸಣ್ಣ ಕೊಕ್ಕೆ ಮೂಡಿತ್ತು. ಜ್ವಾಲೆ ಅಯಾನುಗೋಳದ ವಿದ್ಯುತ್ ಹರಿವನ್ನು ಹೆಚ್ಚಿಸಿದ ಗುರುತು ಅದು. ಅಯಾನುಗೋಳವೆಂಬುದೊಂದು ಇದೆಯೆಂದೇ ಆಗ ಯಾರಿಗೂ ತಿಳಿದಿರಲಿಲ್ಲ. ಮಾರನೆಯ ದಿನ ಬಂದ ಕಾಂತೀಯ ಬಿರುಗಾಳಿಯನ್ನು ನಮ್ಮದೇ ಪಶ್ಚಿಮ ಕರಾವಳಿಯ ಮುಂಬೈ ಕೊಲಾಬಾ ವೀಕ್ಷಣಾಲಯ ಹಿಡಿದಿಟ್ಟಿತು, ಭೂಮಿಯ ಕಾಂತಬಲದಲ್ಲಿ ಸುಮಾರು 1600 ನ್ಯಾನೋಟೆಸ್ಲಾ ಕುಸಿತ. ಒಂದೂವರೆ ಶತಮಾನ ಕಳೆದ ಮೇಲೂ ವಿಜ್ಞಾನಿಗಳು ಆ ಹಾಳೆಗಳನ್ನು ತೆಗೆದು ಓದಿದರು. ಮುಂಬೈಗೆ ವಿದ್ಯುತ್ ಟ್ರಾಂ ಬರುವುದಿದ್ದುದರಿಂದ, ಅಳತೆ ಕೆಡಬಾರದೆಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಒಯ್ದರು. ಕುಮಟಾದ ಹುಡುಗಿಯ ಇನ್ವರ್ಟರ್ ಕಾಟ ಹಳೆಯದೇ.

ಅಂಕೋಲೆಯ ಅಕ್ಕೋರು:

ಅಣ್ಣನ ಮಗನಿಗೆ ಇದನ್ನು ಇವತ್ತೇ ಓದಿ ಹೇಳುತ್ತೇನೆ. ತಂಗೀ, ನಮ್ಮ ಮನೆ ಊರಿನಿಂದ ಹೊರಗೆ, ಗಂಗಾವಳಿಯ ಕಡೆ. ಹತ್ತಿರದಲ್ಲಿ ಮನೆಗಳಿಲ್ಲ, ನಮ್ಮಲ್ಲಿ ಇನ್ವರ್ಟರೂ ಇಲ್ಲ. ಹಿತ್ತಲ ಕೊಟ್ಟಿಗೆ ಖಾಲಿ ಇದೆ, ಮಳೆ ಒಳಗೆ ಬೀಳುವುದಿಲ್ಲ. ನಿನ್ನ ಚೌಕಟ್ಟು ಅಲ್ಲಿಡಬಹುದು.

ಕುಮಟಾದ ವಿದ್ಯಾರ್ಥಿನಿ:

ಅಕ್ಕೋರೇ, ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಸ್ಸಿನ ಬಾಗಿಲಲ್ಲಿ ತೂರುವ ಹಾಗೆ ಚೌಕಟ್ಟನ್ನು ಬಿಚ್ಚಿ ತರುತ್ತೇನೆ.

ಕೋಡಿಬಾಗದ ಕೇಳುಗ:

ನಾನು ಕಾರವಾರದಿಂದ ಅಲ್ಲಿಗೇ ಬರುತ್ತೇನೆ. ಕಾಲು ನಿಲ್ಲಿಸಲು ಬಿದಿರು, ಒಳ್ಳೆಯ ಬೆಸುಗೆ ಸೀಸ ನನ್ನ ಹತ್ತಿರ ಇದೆ. ಮೇ 9 ಮತ್ತು 10ರ ಹೊತ್ತನ್ನು ನೆನಪಿದ್ದಷ್ಟು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೇನೆ. ಎರಡನೆಯ ಪುಟದಿಂದ ಗಡಿಯಾರ ನೋಡಿಯೇ ಬರೆಯುತ್ತೇನೆ.

ಬೈತಖೋಲದ ಬೋಟಿನವ:

ಈಗ ಮೀನುಗಾರಿಕೆ ನಿಷೇಧದ ಕಾಲ, ಜುಲೈ 31ರವರೆಗೆ ಬೋಟು ದಡದಲ್ಲೇ. ಆಗಸ್ಟ್ 1ರಿಂದ ರಾತ್ರಿ ಎಂಟರ ಮೇಲೆ ಪರದೆಯಲ್ಲಿ ಉಪಗ್ರಹದ ಸಂಖ್ಯೆ ಇಳಿದರೆ ಗಂಟೆ, ನಿಮಿಷ ಬರೆದಿಡಲು ತಾಂಡೇಲರಿಗೆ ಹೇಳಿದ್ದೇನೆ. ಒಪ್ಪಿದ್ದಾರೆ. ನೋಟ್‌ಬುಕ್ ಯಾವ ಅಳತೆಯದು ಬೇಕೆಂದು ಕೇಳುತ್ತಿದ್ದಾರೆ.